ಫ್ರಿಜ್ ಇರುವ ಕಾಲೇಜು ಬೇಕಾಗಿದೆ

ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಕರ್ನಾಟಕದ ಪ್ರತಿ ಮನೆಯ ಜಗಲಿಯೂ ಒಂದೊಂದು ಶಿಕ್ಷಣ ಆಯೋಗ. ಎಲ್‌ಐಸಿ ಏಜೆಂಟರು, ನಿವೃತ್ತ ಶಿರಸ್ತೇದಾರರು, ಡಾಲಸ್‌ನಿಂದ ವಿಡಿಯೊ ಕಾಲ್‌ನಲ್ಲಿ ಹಾಜರಾಗುವ ಷಡ್ಡಕರು, ಎಲ್ಲರಿಗೂ ಹೋದ ವರ್ಷ ಯಾವ ಕಾಲೇಜಿನ ಯಾವ ಬ್ರಾಂಚ್ ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬುದು ಕಂಠಪಾಠ. ಹೆತ್ತ ಮಗನ ರಕ್ತದ ಗುಂಪು ಯಾವುದು ಎಂದರೆ ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗುವ ಗಂಡಸರು ಕೂಡ ಕಂಪ್ಯೂಟರ್ ಸೈನ್ಸ್‌ನ ಎರಡನೇ ಸುತ್ತಿನ ಕಟಾಫನ್ನು ಕಣ್ಣು ಮಿಟುಕಿಸದೆ ಹೇಳುತ್ತಾರೆ.

ಇಂಥದೊಂದು ಆಯೋಗದ ಮುಂದೆ ಈ ಸಲ ನನ್ನ ಅಕ್ಕ ಅಧಿಕಪ್ರಸಂಗದ ಪ್ರಶ್ನೆಯೊಂದನ್ನು ಇಟ್ಟಳು. “ಯಾವ ಹಾಸ್ಟೆಲ್‌ನಲ್ಲಿ ಫ್ರಿಜ್ ಇದೆ?”

ಸಭೆ ಸುಮ್ಮನಾಯಿತು. ಪ್ಲೇಸ್‌ಮೆಂಟ್ ಕೇಳಬೇಕಾದವಳು ಫ್ರಿಜ್ ಕೇಳುತ್ತಿದ್ದಾಳೆ ಎಂದರೆ ಮಾತು ಕಾಲೇಜಿನಿಂದ ವರದಕ್ಷಿಣೆಗೆ ಹೊರಳಿರಬೇಕು ಎಂದು ಡಾಲಸ್ ಷಡ್ಡಕರು ತಿಳಿದರು. ಅವರದೇನೂ ತಪ್ಪಿಲ್ಲ. ಕಾಲೇಜಿಗೆ ಹೋಗುವುದು ಮಗುವಿನ ರ‍್ಯಾಂಕು. ಅದರ ಹಿಂದೆ ಒಂದು ಮೈಯೂ ಹೋಗುತ್ತದೆ, ಅದಕ್ಕೆ ಹಸಿವು ನಿದ್ದೆ ಕಾಯಿಲೆ ಇರುತ್ತವೆ ಎಂಬುದು ನಮ್ಮ ಉನ್ನತ ಶಿಕ್ಷಣದ ಪಠ್ಯಕ್ರಮದಲ್ಲೇ ಇಲ್ಲ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚಿದ ಮೇಲೆ ಅಭ್ಯರ್ಥಿಯ ಮುಂದೆ ನಾಲ್ಕು ಆಯ್ಕೆ ಇಡುತ್ತದೆ. ಒಂದು, ಸಿಕ್ಕಿದ್ದು ಸಾಕು, ಸೇರುತ್ತೇನೆ. ಎರಡು, ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಬಂದರೆ ನೋಡೋಣ. ಮೂರು, ಇದು ಬೇಡ, ಆದರೆ ಕಾಯುತ್ತೇನೆ. ನಾಲ್ಕು, ನಿಮ್ಮ ಸಹವಾಸವೇ ಬೇಡ. ಅಕ್ಕನ ಮಗಳು ಪುಟ್ಟಿಯ ಮೇದೋಜೀರಕ ಗ್ರಂಥಿ ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗಲೇ ಯಾರನ್ನೂ ಕೇಳದೆ ನಾಲ್ಕನೆಯದನ್ನು ಒತ್ತಿ ಹೊರನಡೆದಿತ್ತು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ಬಿದ್ದು ಅವನ್ನು ಮುಗಿಸಿಬಿಡುವ ಕಾಯಿಲೆ ಇದು, ಹೆಸರು ಟೈಪ್ ಒನ್ ಡಯಾಬಿಟಿಸ್. ಅಂದಿನಿಂದ ಆ ಗ್ರಂಥಿಯ ಕೆಲಸವನ್ನು ಪುಟ್ಟಿಯೇ ಸೂಜಿ ಹಿಡಿದು ಮಾಡುತ್ತಿದ್ದಾಳೆ. ಊಟಕ್ಕೆ ಮೊದಲು ಒಂದು, ರಾತ್ರಿಗೆ ಇನ್ನೊಂದು, ನಡುವೆ ಲೆಕ್ಕ. ರಜೆಯಿಲ್ಲ. ಭಾನುವಾರವೂ ಇಲ್ಲ, ಯುಗಾದಿಗೂ ಇಲ್ಲ.

ಇದನ್ನು ಜಗಲಿಯವರಿಗೆ ವಿವರಿಸುವುದು ಸಿಇಟಿಗಿಂತ ಕಷ್ಟದ ಪರೀಕ್ಷೆ. “ನಂಗೂ ಶುಗರ್ ಇದೆ ಕಣಮ್ಮ, ಬೆಳಿಗ್ಗೆ ಒಂದು ಮಾತ್ರೆ ಹಾಕ್ಕೊಂಡು ಮಧ್ಯಾಹ್ನ ಹೋಳಿಗೆ ತಿಂತೀನಿ, ಏನಾಗಿದೆ ನಂಗೆ?” ಎನ್ನುತ್ತಾರೆ ಶಿರಸ್ತೇದಾರರು. ಏನಾಗಿದೆ ಎಂಬುದು ಅವರ ಕಾಲಿನ ಬೆರಳುಗಳಿಗೆ ಗೊತ್ತು, ಅವರಿಗಿನ್ನೂ ಗೊತ್ತಿಲ್ಲ. ಹಾಗಲಕಾಯಿ ರಸ, ಮೆಂತ್ಯದ ನೀರು, ನೇರಳೆ ಬೀಜದ ಪುಡಿ, ಯಾವುದೋ ಬೆಟ್ಟದ ತಪ್ಪಲಿನಲ್ಲಿ ಅಮಾವಾಸ್ಯೆಗೆ ಕೊಡುವ ಬೇರು, ಇವೆಲ್ಲ ನಮ್ಮ ಮನೆಯ ಕದ ತಟ್ಟಿ ಹೋಗಿವೆ. ಇನ್ಸುಲಿನ್ ಬರುವ ಮೊದಲು, ಅಂದರೆ 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕರ ಹುಡುಗನೊಬ್ಬನಿಗೆ ಅದನ್ನು ಚುಚ್ಚುವ ಮೊದಲು, ಈ ಕಾಯಿಲೆಯ ಮಕ್ಕಳು ಬದುಕುತ್ತಲೇ ಇರಲಿಲ್ಲ. ಆ ಕಾಲದಲ್ಲೂ ಹಾಗಲಕಾಯಿ ಇತ್ತು ಎಂಬ ಸಣ್ಣ ಸಂಗತಿಯನ್ನು ಯಾರೂ ಗಮನಿಸುವುದಿಲ್ಲ.

ಇನ್ನು ಕೆಲವರು ಧೈರ್ಯ ತುಂಬುವ ಜಾತಿಯವರು. “ವಾಸಿಂ ಅಕ್ರಂಗೂ ಇದೇ ಕಾಯಿಲೆ ಅಲ್ವಾ? ಆಮೇಲೂ ಎಷ್ಟು ವರ್ಷ ಬೌಲಿಂಗ್ ಮಾಡಿದ!” ನಿಜವೇ. ಆದರೆ ಪುಟ್ಟಿ ಹೇಳುವ ಹಾಗೆ, “ಅವರಿಗೆ ಎಂಬತ್ತೈದು ಪರ್ಸೆಂಟ್ ಅಟೆಂಡೆನ್ಸ್ ಇರಲಿಲ್ಲ ಮಾಮ.”

ಎಲ್ಲರಿಗಿಂತ ವ್ಯಾವಹಾರಿಕ ಸಲಹೆ ಕೊಟ್ಟವರು ಭಾವನ ಅಣ್ಣ. “ಫಾರಂನಲ್ಲಿ ಕಾಯಿಲೆ ವಿಷಯ ಬರೀಲೇಬೇಡಿ. ಹೆಣ್ಣು ಹುಡುಗಿ. ನಾಳೆ ಮದುವೆಗೆ ನೋಡೋವಾಗ ಯಾರಾದ್ರೂ ಅದೇ ಕಾಲೇಜಿನೋರು ಸಿಕ್ಕಿಬಿಟ್ರೆ?” ಈ ದೂರದೃಷ್ಟಿಗೆ ನಮಸ್ಕಾರ. ಹಾಸ್ಟೆಲಿನಲ್ಲಿ ರಾತ್ರಿ ಶುಗರ್ ಲೋ ಆಗಿ ಮಾತು ತೊದಲಿದಾಗ ರೂಮ್‌ಮೇಟಿಗೆ ಏನು ಮಾಡಬೇಕೆಂದು ಗೊತ್ತಿರಬಾರದು, ಆದರೆ ಎಂಟು ವರ್ಷದ ಮೇಲೆ ಬರಬಹುದಾದ ಬೀಗರಿಗೆ ಗೊತ್ತಾಗದಂತೆ ಈಗಿನಿಂದಲೇ ಎಚ್ಚರ ವಹಿಸಬೇಕು. ಗುಟ್ಟು ಕಾಪಾಡಿದ ಹುಡುಗಿ ಮದುವೆಯ ತನಕ ಇರುತ್ತಾಳೋ ಇಲ್ಲವೋ ಎಂಬುದು ಎರಡನೇ ಸುತ್ತಿನ ವಿಚಾರ.

ಸರಿ, ಜಗಲಿಯನ್ನು ಬಿಟ್ಟು ತಜ್ಞರ ಬಳಿಗೇ ಹೋಗೋಣ ಎಂದು ಶಿಕ್ಷಣ ಮೇಳವೊಂದಕ್ಕೆ ಹೊಕ್ಕೆವು. ಸಾಲು ಸಾಲು ಮಳಿಗೆ, ಪ್ರತಿ ಮಳಿಗೆಯಲ್ಲೂ ಕೋಟು ತೊಟ್ಟ ಒಬ್ಬ ಯುವಕ, ಅವನ ಹಿಂದೆ ಗಾಜಿನ ಕಟ್ಟಡದ ಚಿತ್ರ, ಹುಲ್ಲುಹಾಸಿನ ಮೇಲೆ ಕೂತು ಲ್ಯಾಪ್‌ಟಾಪ್ ನೋಡಿ ನಗುತ್ತಿರುವ ಮೂವರು ವಿದ್ಯಾರ್ಥಿಗಳು. ನಮ್ಮ ರಾಜ್ಯದ ಯಾವ ಕಾಲೇಜಿನಲ್ಲೂ ಹುಲ್ಲಿನ ಮೇಲೆ ಕೂರಲು ಸೆಕ್ಯೂರಿಟಿಯವರು ಬಿಡುವುದಿಲ್ಲ ಎಂಬುದು ಬೇರೆ ಮಾತು. ಅಕ್ಕ ಕೇಳಿದಳು, “ಮೆಸ್‌ನಲ್ಲಿ ರಾತ್ರಿ ಊಟ ಎಷ್ಟೊತ್ತಿಗೆ?” ಕೋಟಿನ ಯುವಕ, “ಮೇಡಂ, ನಮ್ಮಲ್ಲಿ ಹೈಯೆಸ್ಟ್ ಪ್ಯಾಕೇಜ್...” ಎಂದು ಶುರು ಮಾಡಿದ. “ಅಲ್ಲಪ್ಪಾ, ಊಟ.” “ಮಲ್ಟಿ ಕ್ಯುಸಿನ್ ಮೇಡಂ.” “ಎಷ್ಟು ಗಂಟೆಗೆ?” ಅವನು ಕರಪತ್ರ ತಿರುವಿ ನೋಡಿದ. ಅದರಲ್ಲಿ ಜರ್ಮನಿಯ ವಿಶ್ವವಿದ್ಯಾಲಯದ ಜತೆಗಿನ ಒಪ್ಪಂದ ಇತ್ತು, ಈಜುಕೊಳ ಇತ್ತು, ಸ್ಟಾರ್ಟಪ್ ಇನ್‌ಕ್ಯುಬೇಟರ್ ಇತ್ತು. ಊಟದ ಹೊತ್ತು ಇರಲಿಲ್ಲ. ಕೊನೆಗೆ ಒಂದು ಬಟ್ಟೆ ಚೀಲ ಕೊಟ್ಟು ಕಳಿಸಿದ. ಚೀಲ ಚೆನ್ನಾಗಿದೆ, ಈಗ ಪುಟ್ಟಿಯ ಸೂಜಿ ಮತ್ತು ಸ್ಟ್ರಿಪ್ ಡಬ್ಬಿ ಅದರಲ್ಲೇ ಇವೆ.

ಊಟದ ಹೊತ್ತನ್ನು ಏಕೆ ಅಷ್ಟು ಹಟ ಹಿಡಿದು ಕೇಳಿದೆವೆಂದರೆ, ಊಟಕ್ಕೆ ಹದಿನೈದು ಇಪ್ಪತ್ತು ನಿಮಿಷ ಮೊದಲು ಇನ್ಸುಲಿನ್ ಹಾಕಿಕೊಳ್ಳಬೇಕು, ಹಾಕಿಕೊಂಡ ಮೇಲೆ ಊಟ ಬರಲೇಬೇಕು. ಮೆಸ್ಸಿನ ಭಟ್ಟರು “ಗ್ಯಾಸ್ ಖಾಲಿ, ಅರ್ಧ ಗಂಟೆ” ಎಂದರೆ ಉಳಿದ ಹುಡುಗಿಯರಿಗೆ ಹರಟೆಗೆ ಸಮಯ ಸಿಗುತ್ತದೆ, ಪುಟ್ಟಿಗೆ ಕೈ ನಡುಗುತ್ತದೆ. ಜತೆಗೆ ತಟ್ಟೆಯಲ್ಲಿ ಏನು ಎಷ್ಟಿದೆ ಎಂಬ ಲೆಕ್ಕ ಬೇಕು. ಹೀಗಾಗಿ ನಾವು ಕಾಲೇಜುಗಳ ಪಟ್ಟಿ ಮಾಡಿದ್ದು ಬ್ರಾಂಚ್ ಪ್ರಕಾರವಲ್ಲ, ಬೆಲ್ಲದ ಪ್ರಕಾರ. ಕರಾವಳಿಯ ಕಡೆ ಕಾಲೇಜುಗಳು ಒಳ್ಳೆಯವು, ಆದರೆ ಹುಳಿಯಿಂದ ಹಿಡಿದು ಪಲ್ಯದವರೆಗೆ ಬೆಲ್ಲ ಎಲ್ಲಿ ಅವಿತಿರುತ್ತದೆ ಎಂದು ಹೇಳಲಾಗದು. ಬೆಂಗಳೂರಿನ ದರ್ಶಿನಿ ಸಾಂಬಾರು ಸಾಂಬಾರೋ ಪಾಯಸವೋ ಎಂಬ ವಿವಾದ ಹಳೆಯದು. ಧಾರವಾಡದ ಕಡೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೇಳೆ ಪಲ್ಯ ಎಂದರೆ ಲೆಕ್ಕ ಸುಲಭ, ಆದರೆ ಹೊರಗೆ ಕಾಲಿಟ್ಟರೆ ಪೇಡಾ. ಬೆಳಗಾವಿಗೆ ಹೋದರೆ ಕುಂದಾ, ಗೋಕಾಕದ ಕಡೆ ಕರದಂಟು, ಮೈಸೂರಿಗೆ ಬಂದರೆ ಪಾಕು. ಕಾಲೇಜು ಇರುವ ಊರಿಗೆಲ್ಲ ಒಂದೊಂದು ಸಿಹಿಯನ್ನು ಕಾವಲಿಗಿಟ್ಟವರು ಯಾರೋ!

ಹಾಸನ, ಮಂಡ್ಯದ ಕಡೆ ಮುದ್ದೆ. “ರಾಗಿ ಶುಗರಿಗೆ ಔಷಧಿ” ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯೆಂದರೆ ಎರಡು ಮುದ್ದೆ ಮುರಿದು, ಅನ್ನ ಮುಟ್ಟಲಿಲ್ಲ ನೋಡಿ ಎಂದು ಹೆಮ್ಮೆಯಿಂದ ಏಳುವವರಿದ್ದಾರೆ. ಮುದ್ದೆಯೂ ಪಿಷ್ಟವೇ, ಗ್ಲುಕೋಮೀಟರಿಗೆ ರಾಗಿ, ಅಕ್ಕಿಯ ಜಾತಿಭೇದ ತೀರಾ ಕಡಿಮೆ ಎಂದು ಪುಟ್ಟಿ ಹೇಳಿದರೆ ಅದು ಒಕ್ಕಲುತನಕ್ಕೆ ಮಾಡಿದ ಅವಮಾನವಾಗುತ್ತದೆ. ಮಂಡ್ಯದ ಹೆಸರು ಪಟ್ಟಿಗೆ ಬಂದಾಗ ಅಜ್ಜಿ ಹೌಹಾರಿದರು. “ಸಕ್ಕರೆ ಕಾಯಿಲೆ ಹುಡುಗೀನ ಸಕ್ಕರೆ ಫ್ಯಾಕ್ಟರಿ ಊರಿಗೆ ಕಳಿಸ್ತೀರಾ?” ಮೈಸೂರು ಸಕ್ಕರೆ ಕಂಪನಿ 1933ರಿಂದ ಅಲ್ಲಿರುವುದು ನಿಜ, ಅದರ ಗಾಳಿಗೆ ಯಾರ ಶುಗರೂ ಏರಿಲ್ಲ. ಪುಟ್ಟಿಯ ವಾದ ತದ್ವಿರುದ್ಧ. ಶುಗರ್ 70ಕ್ಕಿಂತ ಕೆಳಗಿಳಿದರೆ ತಕ್ಷಣ ಹದಿನೈದು ಗ್ರಾಂ ಸಕ್ಕರೆ ತಿನ್ನಬೇಕು, ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು, ಇದು ನಿಯಮ. “ಲೋ ಆದಾಗ ಹೆಜ್ಜೆಗೊಂದು ಕಬ್ಬಿನ ಹಾಲಿನ ಅಂಗಡಿ ಇರೋ ಊರು ಇನ್ನೆಲ್ಲಿದೆ ಅಜ್ಜಿ?” ಮಂಡ್ಯ ಪಟ್ಟಿಯಲ್ಲಿ ಉಳಿಯಿತು.

ಕಲಬುರಗಿ, ರಾಯಚೂರುಗಳನ್ನು ಬಿಸಿಲು ಹೊಡೆದು ಹಾಕಿತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು, ಬಳಸುತ್ತಿರುವುದನ್ನು ಹೊರಗೆ ಸುಮಾರು ನಾಲ್ಕು ವಾರ ಇಡಬಹುದು. ಆದರೆ ಆ ‘ಹೊರಗೆ’ ಎಂಬುದು ನಲವತ್ತು ಡಿಗ್ರಿಯ ಹೊರಗಲ್ಲ. ಕರೆಂಟು ಹೋಗುವ ಊರುಗಳಲ್ಲಿ ಒದ್ದೆ ಮರಳು ತುಂಬಿದ ಮಡಕೆಯೊಳಗೆ ಇನ್ನೊಂದು ಮಡಕೆ ಇಟ್ಟು ಇನ್ಸುಲಿನ್ ಕಾಪಾಡಿಕೊಳ್ಳುವ ಬಡವರಿದ್ದಾರೆ. ಸ್ಮಾರ್ಟ್ ಕ್ಲಾಸ್‌ರೂಮಿನ ಕಾಲೇಜಿನ ಹಾಸ್ಟೆಲಿಗೆ ಮಗಳ ಜತೆ ಮಡಕೆ ಕಳಿಸುವ ಯೋಚನೆ ಅಕ್ಕನಿಗೂ ಬಂದದ್ದುಂಟು. ನಮ್ಮೂರು ಅರಸೀಕೆರೆಯಿಂದ ಬೆಂಗಳೂರಿಗೆ ರೈಲಿದೆ, ಪುಟ್ಟಿಯ ಎಂಡೋಕ್ರಿನಾಲಜಿಸ್ಟ್ ಬೆಂಗಳೂರಿನಲ್ಲಿದ್ದಾರೆ, ಆದ್ದರಿಂದ ರೈಲು ಹಳಿಗೆ ಹತ್ತಿರದ ಕಾಲೇಜು, ಔಷಧ ಅಂಗಡಿಗೆ ಹತ್ತಿರದ ಹಾಸ್ಟೆಲು ಎಂದು ನಕ್ಷೆಯ ಮೇಲೆ ಗೆರೆ ಎಳೆಯುತ್ತಾ ಕೂತೆವು. ನೋಡಿದವರು ನಾವು ಸೈಟು ಕೊಳ್ಳುತ್ತಿದ್ದೇವೆ ಎಂದುಕೊಂಡಿರಬೇಕು.

ಇಷ್ಟೆಲ್ಲ ಏಕೆ, ಸರ್ಕಾರವೇ ರ‍್ಯಾಂಕಿಂಗ್ ಕೊಡುತ್ತದಲ್ಲ ಎಂದು ಕೇಳುವ ಬುದ್ಧಿವಂತರಿದ್ದಾರೆ. ಕೊಡುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ 2016ರಿಂದ ಪ್ರತಿ ವರ್ಷ ಕಾಲೇಜುಗಳನ್ನು ಅಳೆಯುತ್ತಿದೆ. ಅದರ ಐದು ಮಾನದಂಡಗಳಲ್ಲಿ ಒಂದು ಒಳಗೊಳ್ಳುವಿಕೆ. ಹೊರಗಿನ ಪ್ರದೇಶಗಳ ವಿದ್ಯಾರ್ಥಿಗಳು, ಮಹಿಳೆಯರು, ಹಿಂದುಳಿದವರು, ಇವರೆಲ್ಲರ ಕೊನೆಗೆ ಅಂಗವಿಕಲರಿಗಿರುವ ಲಿಫ್ಟು, ಇಳಿಜಾರು, ಶೌಚಾಲಯ. ಈ ಇಡೀ ಕಂತೆಗೆ ನೂರಕ್ಕೆ ಹತ್ತು ತೂಕ. ಇನ್ನೊಂದು ಮಾನದಂಡ, ಕಾಲೇಜಿನ ಬಗ್ಗೆ ಉದ್ಯಮಿಗಳೂ ಪ್ರಾಧ್ಯಾಪಕರೂ ಏನಂದುಕೊಂಡಿದ್ದಾರೆ ಎಂಬುದು. ಅದಕ್ಕೂ ಹತ್ತೇ. ಶೌಚಾಲಯ ಇರುವುದೂ, ಇದೆ ಎಂದು ದೊಡ್ಡವರು ಅಂದುಕೊಂಡಿರುವುದೂ ಸರಿಸಮ ತೂಗುವ ತಕ್ಕಡಿ ಇದು. ನ್ಯಾಕ್ ಮಾನ್ಯತೆಯೂ ಇದೆ, ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ. ಎ++ ದರ್ಜೆ ಕೊಡಿಸಲು ಲಂಚ ಪಡೆದ ಆರೋಪದ ಮೇಲೆ 2025ರ ಫೆಬ್ರುವರಿಯಲ್ಲಿ ಸಿಬಿಐ ಪರಿಶೀಲನಾ ತಂಡದ ಸದಸ್ಯರನ್ನೇ ಬಂಧಿಸಿದ ಮೇಲೆ, ಆ ಪ್ಲಸ್ಸುಗಳನ್ನು ನೋಡಿದಾಗ ಅವುಗಳ ದರ ಎಷ್ಟಿರಬಹುದು ಎಂಬ ಪಾಪದ ಯೋಚನೆ ಬರುತ್ತದೆ.

ಹಾಗಾಗಿ ಕಣ್ಣಾರೆ ನೋಡುವುದೇ ಸರಿ ಎಂದು ಕಾಲೇಜುಗಳ ದರ್ಶನಕ್ಕೆ ಹೊರಟೆವು. ಹೆಸರು ಬೇಡ, ಎಲ್ಲವೂ ಒಂದೇ ಶಿಲ್ಪಿ ಕಟ್ಟಿದಂತಿವೆ. ಬಾಗಿಲಲ್ಲೇ ಸಂಸ್ಥಾಪಕರ ಪ್ರತಿಮೆ, ಪ್ರತಿಮೆಗೆ ನೆರಳು, ಬಸ್ ಕಾಯುವ ಮಕ್ಕಳಿಗೆ ಬಿಸಿಲು. ಒಳಗೆ ಹೊಳೆಯುವ ಲಿಫ್ಟು, ಅದರ ಮೇಲೆ ‘ಸಿಬ್ಬಂದಿಗೆ ಮಾತ್ರ’. ಮೊದಲ ವರ್ಷದ ತರಗತಿಗಳು ನಾಲ್ಕನೇ ಮಹಡಿಯಲ್ಲಿ. ಇಳಿಜಾರೂ ಇದೆ, ಅದರ ತುದಿಯಲ್ಲಿ ಹೂಕುಂಡಗಳನ್ನು ಜೋಡಿಸಿ ದಾರಿ ಮುಚ್ಚಿದ್ದಾರೆ, ಏಕೆಂದರೆ ಹುಡುಗರು ಅದರ ಮೇಲೆ ಬೈಕ್ ಹತ್ತಿಸುತ್ತಾರಂತೆ. ಶೌಚಾಲಯ ಕೇಳಿದರೆ ಒಂದಕ್ಕೆ ಬೀಗ, ಇನ್ನೊಂದಕ್ಕೆ ನೀರಿಲ್ಲ, ಮೂರನೆಯದರ ಮೇಲೆ ಮತ್ತದೇ ‘ಸಿಬ್ಬಂದಿಗೆ ಮಾತ್ರ’. ಕರುಳಿನ ಕಾಯಿಲೆ ಇರುವ ಮಗುವಿನ ಬಗ್ಗೆ ನಾನು ಅಲ್ಲೇ ಮೊದಲ ಸಲ ಯೋಚಿಸಿದ್ದು. ಕ್ರೋನ್ಸ್ ಇರುವ ಹುಡುಗನಿಗೆ ಕಾಲೇಜೆಂದರೆ ಗ್ರಂಥಾಲಯವಲ್ಲ, ಪ್ರಯೋಗಾಲಯವಲ್ಲ, ಶೌಚಾಲಯಗಳ ನಡುವಿನ ದೂರ. ಅವನ ಅಪ್ಪ ಅಮ್ಮ ಮೇಳದ ಮಳಿಗೆಯಲ್ಲಿ ಏನೆಂದು ಕೇಳುತ್ತಾರೆ? ಮೂರ್ಛೆ ರೋಗದ ಹುಡುಗಿಯ ಮನೆಯವರು ಬಂಕ್ ಮಂಚದ ಕೆಳಹಾಸಿಗೆಯನ್ನೇ ಕೊಡಿ ಎಂದು ಯಾವ ಬಾಯಲ್ಲಿ ಕೇಳುತ್ತಾರೆ? ಕೇಳಿದರೆ ಕಾರಣ ಹೇಳಬೇಕು, ಹೇಳಿದರೆ ವಾರ್ಡನ್ ಕೈಯಲ್ಲಿ ಕಬ್ಬಿಣದ ಬೀಗದ ಕೈ ಸಿದ್ಧವಾಗುತ್ತದೆ. ಬಿದ್ದವರ ಕೈಗೆ ಕಬ್ಬಿಣ ಕೊಡುವ ಚಿಕಿತ್ಸೆಗೆ ಎಂಜಿನಿಯರಿಂಗ್ ಕಾಲೇಜಿನಲ್ಲೂ ಇನ್ನೂ ಮಾನ್ಯತೆ ಇದೆ, ಅದಕ್ಕೆ ಯಾವ ನ್ಯಾಕೂ ಬೇಕಿಲ್ಲ.

ಫ್ರಿಜ್ಜಿನ ಶೋಧ ಒಂದು ಪ್ರತ್ಯೇಕ ಪುರಾಣ. ಒಂದು ಹಾಸ್ಟೆಲಿನಲ್ಲಿ ಫ್ರಿಜ್ ಇತ್ತು, ವಾರ್ಡನ್ ಮೇಡಂ ಕೋಣೆಯಲ್ಲಿ, ಬೀಗ ಹಾಕಿ. “ಶನಿವಾರ ಸಂಜೆ ಊರಿಗೆ ಹೋಗ್ತೀನಿ, ಸೋಮವಾರ ಬೆಳಿಗ್ಗೆ ಬಂದುಬಿಡ್ತೀನಿ. ಅಷ್ಟರಲ್ಲಿ ಏನಾಗುತ್ತೆ?” ಇನ್ನೊಂದರಲ್ಲಿ ವಾರ್ಡನ್ ತುಂಬ ಕರುಣಾಳು. “ಅಯ್ಯೋ, ಪಾಪ, ಮೇಲ್ಗಡೆ ಐಸ್ ಬಾಕ್ಸಲ್ಲೇ ಇಟ್ಟುಬಿಡ್ತೀನಿ, ಚೆನ್ನಾಗಿ ಗಟ್ಟಿಯಾಗಿರುತ್ತೆ.” ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟ ಇನ್ಸುಲಿನ್ ಎಂದು ಹೇಳಲು ಹೊರಟ ಅಕ್ಕನನ್ನು ನಾನೇ ತಡೆದೆ, ಅಷ್ಟು ಒಳ್ಳೆಯ ಮನಸ್ಸನ್ನು ಮೊದಲ ಭೇಟಿಯಲ್ಲೇ ನೋಯಿಸಬಾರದು. ಮತ್ತೊಂದು ಕಡೆ ಫ್ರಿಜ್ ಮೆಸ್ಸಿನಲ್ಲಿ, ಮೊಟ್ಟೆಗಳ ಜತೆ. ಸಸ್ಯಾಹಾರಿಗಳ ಔಷಧ ಮೊಟ್ಟೆಯ ಪಕ್ಕ ಇಡಬಹುದೇ ಎಂಬ ಪ್ರಶ್ನೆ ಹಿಂದೊಮ್ಮೆ ಹಾಸ್ಟೆಲ್ ಸಮಿತಿಯ ಮುಂದೆ ಬಂದು ನಿರ್ಣಯವಾಗದೆ ಉಳಿದಿದೆಯಂತೆ.

ಇಷ್ಟು ಕಷ್ಟಪಡುವ ಬದಲು ಅಂಗವಿಕಲರ ಕೋಟಾದಲ್ಲಿ ಹೋಗಬಹುದಲ್ಲ ಎಂದು ಏಜೆಂಟರೊಬ್ಬರು ದಾರಿ ತೋರಿಸಿದರು. ಓದಿ ನೋಡಿದೆವು. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ ಇಪ್ಪತ್ತೊಂದು. ಥಲಸ್ಸೀಮಿಯಾ, ಹೀಮೊಫಿಲಿಯಾ, ಸಿಕಲ್ ಸೆಲ್ ಸೇರಿವೆ. ಒಳ್ಳೆಯದೇ ಆಯಿತು, ಕೆಲವು ವಾರಗಳಿಗೊಮ್ಮೆ ರಕ್ತದ ಬಾಟಲಿಯ ಪಕ್ಕ ಮಲಗುವ ಮಕ್ಕಳನ್ನು ಕಾನೂನು ಕೊನೆಗೂ ಕಂಡಿತು. ಟೈಪ್ ಒನ್ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿದ್ದವರಿಗೂ ಉನ್ನತ ಶಿಕ್ಷಣದ ಶೇ 5 ಮೀಸಲು ಬೇಕೆಂದರೆ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಜಿಲ್ಲಾಸ್ಪತ್ರೆಯ ಮಂಡಳಿ ಮಗುವನ್ನು ನೋಡಿ ಮೂವತ್ತೆಂಟು ಎಂದರೆ ಮುಗಿಯಿತು. ಜೀವಮಾನದಲ್ಲೇ ಮೊದಲ ಬಾರಿಗೆ ಅಂಕ ಕಡಿಮೆ ಬಂತೆಂದು ಅಳುವ ಅಪ್ಪ ಅಮ್ಮಂದಿರು ಆ ಕಾರಿಡಾರಿನಲ್ಲಿ ಸಿಗುತ್ತಾರೆ, ಬೇಕಿದ್ದರೆ ಹೋಗಿ ನೋಡಿ. ಪುಟ್ಟಿ ಈ ಲೆಕ್ಕದಲ್ಲಿ ಸಂಪೂರ್ಣ ಆರೋಗ್ಯವಂತೆ. ಸೀಟು ಕೇಳುವಾಗ ಆರೋಗ್ಯವಂತೆ, ವಿಮೆ ಕೇಳುವಾಗ ರೋಗಿ.

ಹಾಜರಾತಿಯ ವಿಷಯ ಬಂದಾಗ ಮಾತ್ರ ಅವಳು ಯಾವ ಪಕ್ಷಕ್ಕೂ ಸೇರುವುದಿಲ್ಲ. ವಿಟಿಯು ನಿಯಮದಂತೆ ಪ್ರತಿ ವಿಷಯದಲ್ಲೂ ಶೇ 85 ಹಾಜರಾತಿ ಇರಬೇಕು, ಸಕಾರಣವಿದ್ದರೆ ಶೇ 10ರವರೆಗೆ ವಿನಾಯಿತಿ. 90 ದಿನದ ಸೆಮಿಸ್ಟರ್ ಎಂದುಕೊಳ್ಳಿ, ಕೈಯಲ್ಲಿರುವುದು 13 ದಿನ. ಉಳಿದವರು ಈ ಹದಿಮೂರನ್ನು ಹೊಸ ಸಿನಿಮಾ, ಚಿಕ್ಕಮಗಳೂರು, ಅಕ್ಕನ ಮದುವೆಗೆ ಹಂಚಿಕೊಳ್ಳುತ್ತಾರೆ. ಪುಟ್ಟಿಯ ಹದಿಮೂರು ಮೊದಲೇ ಬುಕ್ ಆಗಿರುತ್ತವೆ: ಕಣ್ಣಿನ ಪರೀಕ್ಷೆ, ರಕ್ತ ಪರೀಕ್ಷೆ, ರಾತ್ರಿಯಿಡೀ ಲೋ ಆಗಿ ಬೆಳಿಗ್ಗೆ ಏಳಲಾಗದ ದಿನ. ಇದಕ್ಕೆ ಏನು ವ್ಯವಸ್ಥೆ ಎಂದು ಒಂದು ಕಾಲೇಜಿನ ಆಡಳಿತ ವಿಭಾಗದಲ್ಲಿ ಕೇಳಿದೆ. ಅಲ್ಲಿಯವರು ತುಂಬ ಸಹಾನುಭೂತಿಯಿಂದ ಹೇಳಿದರು, “ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಪರಿಗಣಿಸ್ತೀವಿ ಸರ್. ಜತೆಗೆ ಈಗ ಪೂರ್ತಿ ಗುಣವಾಗಿದೆ ಅಂತ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು.”

“ಗುಣವಾಗೋದಿಲ್ಲ ಸರ್. ಜೀವನಪೂರ್ತಿ ಇರುತ್ತೆ.”

“ಹಾಗಾದ್ರೆ ರಜೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಅಂತ ನಮೂದಿಸೋದು?”

ನನ್ನ ಬಳಿ ಉತ್ತರವಿರಲಿಲ್ಲ. ಟೈಪ್ ಒನ್ ಪೂರ್ತಿ ಗುಣವಾಗಿದೆ ಎಂದು ರಬ್ಬರ್ ಸ್ಟ್ಯಾಂಪ್ ಒತ್ತಿಕೊಡುವ ವೈದ್ಯರು ಅರಸೀಕೆರೆಯಲ್ಲಿ ಸಿಕ್ಕರೆ ಮರುದಿನವೇ ಸ್ಟಾಕ್‌ಹೋಮಿನಿಂದ ಅವರಿಗೆ ಕರೆ ಬರುತ್ತದೆ. ಇನ್ಸುಲಿನ್ ಕಂಡುಹಿಡಿದದ್ದಕ್ಕೇ 1923ರಲ್ಲಿ ನೊಬೆಲ್ ಕೊಟ್ಟವರು ಅವರು. ಅದೇ ವರ್ಷ ಅದರ ಪೇಟೆಂಟ್ ಟೊರಾಂಟೊ ವಿಶ್ವವಿದ್ಯಾಲಯದ ಪಾಲಾದದ್ದು ಸಂಶೋಧಕರಿಗೆ ತಲಾ ಒಂದು ಡಾಲರ್ ಕೊಟ್ಟು. ನಾವು ಹೋದ ಯಾವ ಕಾಲೇಜಿನ ಅರ್ಜಿ ನಮೂನೆಯೂ ಅಷ್ಟು ಅಗ್ಗವಾಗಿರಲಿಲ್ಲ.

ಪರೀಕ್ಷೆಗಳ ವಿಷಯದಲ್ಲಿ ದೆಹಲಿ ಸ್ವಲ್ಪ ದಯಾಮಯಿ ಎನ್ನಬೇಕು. ಸಿಬಿಎಸ್‌ಇ 2017ರಲ್ಲೇ ಟೈಪ್ ಒನ್ ಮಕ್ಕಳು ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಬಹುದೆಂದು ಸುತ್ತೋಲೆ ಹೊರಡಿಸಿತು; ಚಾಕೊಲೇಟ್, ಹಣ್ಣು, ಸ್ಯಾಂಡ್‌ವಿಚ್ ಎಲ್ಲ ಸರಿ. ಜೆಇಇ ಮೇನ್ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಕೈಪಿಡಿಯಲ್ಲಿ ಸಕ್ಕರೆ ಮಾತ್ರೆ, ಬಾಳೆಹಣ್ಣು, ಸೇಬು, ಕಿತ್ತಳೆಗೆ ಅನುಮತಿ. ಚಾಕೊಲೇಟ್ ಮತ್ತು ಸ್ಯಾಂಡ್‌ವಿಚ್ ನಿಷಿದ್ಧ. ದೆಹಲಿಯಲ್ಲೇ ಇರುವ ಎರಡು ಕಚೇರಿಗಳಿಗೆ ಸ್ಯಾಂಡ್‌ವಿಚ್ ಬಗ್ಗೆ ಒಮ್ಮತ ಮೂಡಿಲ್ಲ, ಬಾಳೆಹಣ್ಣು ಮಾತ್ರ ಪಕ್ಷಾತೀತ. ಪುಟ್ಟಿಯ ತೋಳಿನ ಮೇಲೆ ನಾಣ್ಯದಷ್ಟಗಲದ ಸೆನ್ಸರ್ ಇರುತ್ತದೆ, ಶುಗರ್ ಎಷ್ಟೆಂದು ಮೊಬೈಲಿಗೆ ಹೇಳುತ್ತಿರುತ್ತದೆ. ಜನಿವಾರವನ್ನೇ ಅನುಮಾನಿಸಿ ತೆಗೆಸಿ 2025ರ ಏಪ್ರಿಲ್‌ನಲ್ಲಿ ಇಡೀ ರಾಜ್ಯದಲ್ಲಿ ಗದ್ದಲವೆಬ್ಬಿಸಿದ ಸಿಇಟಿ ತಪಾಸಣೆಯ ಮುಂದೆ ಎಲೆಕ್ಟ್ರಾನಿಕ್ ಬಿಲ್ಲೆಯ ಪಾಡೇನು ಎಂದು ಅವಳು ಅದನ್ನು ಬಿಚ್ಚಿಟ್ಟೇ ಪರೀಕ್ಷೆ ಬರೆದಳು. ಹದಿನಾಲ್ಕು ದಿನ ಬಾಳಬೇಕಾದ, ಸಾವಿರಾರು ರೂಪಾಯಿಯ ಬಿಲ್ಲೆ ಅದು. ಒಮ್ಮೆ ಕಿತ್ತರೆ ಮತ್ತೆ ಅಂಟುವುದಿಲ್ಲ.

ಕೊನೆಗೆ ಪಟ್ಟಿಯ ಮೇಲಕ್ಕೆ ಬಂದದ್ದು ಮಂಡ್ಯವೂ ಅಲ್ಲ, ಗಾಜಿನ ಕಟ್ಟಡವೂ ಅಲ್ಲ. ಜಗಲಿ ಆಯೋಗ ಹೆಸರು ಕೇಳಿ ಮೂಗು ಮುರಿಯುವ ಒಂದು ಹಳೆಯ ಕಾಲೇಜು. ಅದರ ಕ್ಯಾಂಟೀನ್ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ, ಎದುರಿಗೆ ರಾತ್ರಿಯಿಡೀ ತೆರೆದಿರುವ ಮೆಡಿಕಲ್ ಸ್ಟೋರ್ ಇದೆ, ಹಾಸ್ಟೆಲಿನ ಫ್ರಿಜ್ ಊಟದ ಹಾಲಿನಲ್ಲೇ ಇದೆ, ಬೀಗವಿದೆ, ಬೀಗದ ಕೈ ಪಕ್ಕದ ಮೊಳೆಗೆ ನೇತಾಡುತ್ತಿರುತ್ತದೆ. ಬೀಗದ ಉದ್ದೇಶವನ್ನು ಯಾರೂ ಪ್ರಶ್ನಿಸಿಲ್ಲ. ಶಿರಸ್ತೇದಾರರಿಗೆ ತಡೆಯಲಾಗಲಿಲ್ಲ. “ಇಷ್ಟು ಒಳ್ಳೆ ರ‍್ಯಾಂಕ್ ಇಟ್ಕೊಂಡು ಆ ಕಾಲೇಜಾ? ಅಲ್ಲಿ ಕಂಪನಿಗಳು ಬರಲ್ಲ.” “ಅಂಬುಲೆನ್ಸ್ ಬರುತ್ತೆ ಅಂಕಲ್” ಎಂದಳು ಪುಟ್ಟಿ.

ಅಷ್ಟು ಒಳ್ಳೆಯ ಕಾಲೇಜಿನಲ್ಲೂ ಹಾಸ್ಟೆಲ್ ಅರ್ಜಿಯಲ್ಲಿ ಕಾಯಿಲೆಯ ಕಾಲಂಗೆ ‘ಹೌದು’ ಎಂದು ಬರೆದ ತಕ್ಷಣ ಗುಮಾಸ್ತರು ಒಂದು ಮಾದರಿ ಹಾಳೆ ಚಾಚಿದರು. ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಡಬೇಕು: ನಮ್ಮ ಮಗಳ ಆರೋಗ್ಯಕ್ಕೆ ಏನೇ ಸಂಭವಿಸಿದರೂ ಅದಕ್ಕೆ ನಾವೇ ಹೊಣೆ, ಸಂಸ್ಥೆ ಯಾವ ರೀತಿಯಲ್ಲೂ ಜವಾಬ್ದಾರಿಯಲ್ಲ. ಭಾವ ಪೆನ್ನು ತೆಗೆದರು. ಒಂಬತ್ತು ವರ್ಷದಿಂದ ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ, ಪ್ರವಾಸದ ಬಸ್ಸುಗಳಲ್ಲಿ ಇಂಥವಕ್ಕೆ ಸಹಿ ಹಾಕಿ ಅವರ ಕೈ ಪಳಗಿದೆ. ಪುಟ್ಟಿ ಮಾತ್ರ “ಒಂದ್ನಿಮಿಷ ಅಪ್ಪ” ಎಂದು ಆ ಹಾಳೆಯ ಹಿಂಬದಿಗೆ ತಾನೂ ಒಂದು ಬರೆದಳು.

‘ಸಂಸ್ಥೆಯವರಾದ ನಾವು ಈ ಮೂಲಕ ಬರೆದುಕೊಡುವ ಮುಚ್ಚಳಿಕೆ ಏನೆಂದರೆ, ಸದರಿ ವಿದ್ಯಾರ್ಥಿನಿಯು ತರಗತಿಯಲ್ಲಿ ಬಿಸ್ಕತ್ತು ತಿಂದಲ್ಲಿ ಅದನ್ನು ಅಶಿಸ್ತು ಎಂದು ಭಾವಿಸತಕ್ಕದ್ದಲ್ಲ. ಆಕೆ ಬೆವರಿ, ನಡುಗಿ, ಅಸಂಬದ್ಧ ಮಾತಾಡಿದಲ್ಲಿ ಮೊದಲು ಮೂರು ಚಮಚ ಸಕ್ಕರೆ ಕೊಟ್ಟು ನಂತರವೇ ಕುಡಿದಿದ್ದಾಳೆಯೇ ಎಂದು ವಿಚಾರಿಸತಕ್ಕದ್ದು. ಫ್ರಿಜ್ಜಿನ ಬೀಗದ ಕೈ ಯಾವ ಭಾನುವಾರವೂ ಊರಿಗೆ ಹೋಗತಕ್ಕದ್ದಲ್ಲ. ಆಕೆಯ ಮೊಬೈಲನ್ನು ಜಪ್ತಿ ಮಾಡುವವರು ಆಕೆಯ ಶುಗರನ್ನೂ ತಾವೇ ನೋಡಿಕೊಳ್ಳತಕ್ಕದ್ದು. ಆಕೆಯನ್ನು ಸ್ಫೂರ್ತಿಯೆಂದು ವೇದಿಕೆಗೆ ಕರೆದು ಶಾಲು ಹೊದಿಸತಕ್ಕದ್ದಲ್ಲ. ಮೇಲಿನ ಯಾವುದಕ್ಕೆ ತಪ್ಪಿದರೂ ಸಂಸ್ಥೆಯೇ ಹೊಣೆ.’

ಗುಮಾಸ್ತರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಎರಡನೇ ಸಲವೂ ಓದಿದರು. ‘ತಕ್ಕದ್ದು’ಗಳ ಮೇಲೆ ಬೆರಳಾಡಿಸಿ, ಒಕ್ಕಣೆ ಚೆನ್ನಾಗಿದೆ ಎಂದು ತಲೆದೂಗಿದರು.

“ಎಲ್ಲಾ ಸರಿಯಾಗಿದೆ ಕಣಮ್ಮ. ಆದ್ರೆ ಕಾಲೇಜಿನ ಕಡೆಯಿಂದ ಹೊಣೆ ಅಂತ ಸಹಿ ಹಾಕೋ ಅಧಿಕಾರ ಇಲ್ಲಿ ಯಾರಿಗೂ ಇಲ್ಲ.” ಸ್ವಲ್ಪ ಯೋಚಿಸಿ, ಡ್ರಾಯರ್ ಎಳೆದರು. “ಸೀಲ್ ಬೇಕಾದ್ರೆ ಹಾಕ್ಕೊಡ್ತೀನಿ.”